ಮಣೆ ಹಿಡಿದು ನಿಲ್ಲುವ ದ್ಯಾವಪ್ಪ

ಕವಳಿದಿನ್ನಿಯ ದಿಬ್ಬದ ಮೇಲೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೆಳಗೆ ಕಾಲುವೆಯ ನೀರು ಮಾತ್ರ ಬೆಳ್ಳಗೆ ಕಾಣುತ್ತಿದೆ. ಕೆಂಭಾವಿ ಕಡೆಯಿಂದ ಹಳೆಯ ಮೊಪೆಡ್ಡೊಂದು ಏದುಸಿರು ಬಿಡುತ್ತ ಏರಿ ಬರುತ್ತದೆ. ಮುಂದೆ ದ್ಯಾವಪ್ಪ, ಹಿಂದೆ ಹೆಂಡತಿ ಮರಿಲಿಂಗಮ್ಮ. ನಡುವೆ ಪಾನಾ, ಇಕ್ಕಳ ತುಂಬಿದ ಚೀಲ. ಮರಿಲಿಂಗಮ್ಮನವರ ತೊಡೆಯ ಮೇಲೆ ಊಟಕ್ಕೆ ಕೂರುವ ಒಂದು ಮರದ ಮಣೆ. ಇಂಜಿನ್ ರಿಪೇರಿಗೆ ಹೊರಟವರು ಮಣೆ ಯಾಕೆ ಹೊತ್ತು ತಂದರೋ ಎಂದು ನೋಡಿದವರಿಗೆ ನಗು ಬರುತ್ತದೆ. ತಿರುವಿ ನೋಡಿದರೆ ಅದರ ಅಡಿಗೆ ಟ್ರ್ಯಾಕ್ಟರಿನ ಟ್ಯೂಬು ಕತ್ತರಿಸಿ, ಸುತ್ತಲೂ ಮೊಳೆ ಹೊಡೆದು ಬಿಗಿದಿದ್ದಾರೆ.

ದಿಬ್ಬದ ತುದಿಯ ತಗಡಿನ ಶೆಡ್ಡಿನಲ್ಲಿ ನಿಂತಿರುವುದು ಮಿಲಿಟರಿಯವರು ಹರಾಜಿಗೆ ಹಾಕಿದ ಡೀಸೆಲ್ ಜನರೇಟರು. ಮೈತುಂಬ ಹಸಿರು ಬಣ್ಣ, ನಾಲ್ಕು ಗಾಲಿಯ ಬಂಡಿಯ ಮೇಲೆ ಗಟ್ಟಿಮುಟ್ಟಾಗಿ ಕೂತಿದೆ. ಯಾವುದೋ ಉಗ್ರಾಣದಲ್ಲಿ ವರ್ಷಗಟ್ಟಲೆ ತಾಡಪತ್ರಿ ಹೊದ್ದು ಮಲಗಿದ್ದ ಇದು ಒಂದು ದಿನವೂ ಓಡಿದ್ದಲ್ಲವಂತೆ. ಇವತ್ತು ಅದನ್ನು ಮೊದಲ ಸಲ ಚಾಲೂ ಮಾಡಬೇಕು. ಆ ಕೆಲಸಕ್ಕೆ ಊರವರು ಕರೆತಂದಿರುವುದು ಕೆಂಭಾವಿಯ ದ್ಯಾವಪ್ಪ ಮಿಸ್ತ್ರಿಯನ್ನು.

ಕಾಲುವೆ ಬಂದ ಮೇಲೆ ಈ ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹುಣಸಗಿಯಿಂದ ಇತ್ತ ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಆದರೆ ಕವಳಿದಿನ್ನಿ ಇರುವುದು ಎತ್ತರದಲ್ಲಿ. ನೀರು ಕಣ್ಣಿಗೆ ಕಾಣುತ್ತದೆ, ಕೊಡಕ್ಕೆ ಬರುವುದಿಲ್ಲ. ಕಾಲುವೆಯಿಂದ ದಿಬ್ಬದ ಮೇಲಿನ ಹೊಂಡಕ್ಕೆ ನೀರೆತ್ತುವ ಮೋಟಾರೇನೋ ಇದೆ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹೆಂಗಸರು ಕೊಡ ಹಿಡಿದು ಕಾಲುವೆಯ ಇಳಿಜಾರು ಕಲ್ಲಿನ ಮೇಲೆ ಇಳಿಯುತ್ತಾರೆ. ಪಾಚಿಗಟ್ಟಿದ ಕಲ್ಲು. ಹೋದ ವರ್ಷ ರೇಣಮ್ಮನವರ ಮಗಳು ಶಿವಬಸಮ್ಮ ಅಲ್ಲಿಯೇ ಕಾಲು ಜಾರಿದಳು. ಏಳನೇ ಇಯತ್ತೆ ಓದುತ್ತಿದ್ದ ಹುಡುಗಿ. ಕೊಡ ತೇಲುತ್ತ ಹೋಗಿ ಮುಂದಿನ ಸೇತುವೆಗೆ ತಾಗಿ ನಿಂತಿತ್ತು. ಹುಡುಗಿ ಸಿಕ್ಕಿದ್ದು ಮರುದಿನ. ಆ ಸಂಕಟವನ್ನು ಊರು ಇನ್ನೂ ನುಂಗಿಕೊಂಡಿಲ್ಲ. ಮನೆಮನೆಯವರೂ ಹಣ ಕೂಡಿಸಿ ಈ ಜನರೇಟರು ತಂದದ್ದು ಅದಾದ ಮೇಲೆಯೇ.

ನಾಳೆ ಬೆಳಿಗ್ಗೆ ಕಾಲುವೆಯ ನೀರು ಬಂದ್ ಆಗುತ್ತದೆ. ಮತ್ತೆ ಬಿಡುವುದು ಮಳೆಗಾಲಕ್ಕೇ. ಇವತ್ತು ಸಂಜೆಯೊಳಗೆ ಜನರೇಟರು ಚಾಲೂ ಆದರೆ ರಾತ್ರಿಯಿಡೀ ಮೋಟಾರು ಓಡಿಸಿ ಹೊಂಡ ತುಂಬಿಸಿಕೊಳ್ಳಬಹುದು, ಬೇಸಿಗೆ ದಾಟಿಸಬಹುದು. ಆಗದಿದ್ದರೆ ಕಾಲುವೆಯ ತಳದಲ್ಲಿ ಉಳಿಯುವ ಗುಂಡಿಗಳ ನೀರಿಗಾಗಿ ಹೆಂಗಸರು ಅದೇ ಪಾಚಿಗಲ್ಲಿನ ಮೇಲೆ ಇನ್ನೂ ಕೆಳಗೆ ಇಳಿಯಬೇಕು. ದ್ಯಾವಪ್ಪನವರಿಗೆ ಇದು ಗೊತ್ತು. ವಾರದಿಂದ ಅವರು ಸರಿಯಾಗಿ ಉಂಡಿಲ್ಲ ಎನ್ನುತ್ತಾರೆ ಮರಿಲಿಂಗಮ್ಮ.

ಮಲಗಿದ ಇಂಜಿನ್ನನ್ನು ಎಬ್ಬಿಸುವುದು ಅಂದರೆ ಬಟನ್ ಒತ್ತಿ ಕೈತೊಳೆದುಕೊಳ್ಳುವ ಕೆಲಸವಲ್ಲ. "ಮಿಲಿಟರಿಯವ್ರು ಇದರ ಹೊಟ್ಟಿಯೊಳಗ ಮಂದ ಎಣ್ಣಿ ಹೊಡದು, ಮೂಗು ಬಾಯಿ ಮುಚ್ಚಿ ಮಲಗಿಸ್ಯಾರ್ರಿ, ತುಕ್ಕು ಹಿಡೀಬಾರ್ದಂತ. ಆ ಎಣ್ಣಿ ತಗೀಲಾರ್ದ ಎಬ್ಬಿಸಿದ್ರ ಒಳಗಿಂದೊಳಗ ರಾಡ ಮುರೀತಾವ" ಎನ್ನುತ್ತಾರೆ ದ್ಯಾವಪ್ಪ. ಈ ವಾರವಿಡೀ ಬಂದುಹೋಗಿ ಅವರು ಮೇಣದ ಕಾಗದ ಬಿಚ್ಚಿದ್ದಾರೆ, ಟೇಪು ಕಿತ್ತಿದ್ದಾರೆ, ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಿದ್ದಾರೆ. ಡೀಸೆಲ್ ಚಿಮ್ಮಿಸುವ ನಾಝಲುಗಳನ್ನು ಬಿಚ್ಚಿಟ್ಟು, ಕಬ್ಬಿಣದ ಹಾರೆ ಹಾಕಿ ಇಡೀ ಇಂಜಿನ್ನನ್ನು ಕೈಯಿಂದಲೇ ತಿರುಗಿಸಿದ್ದಾರೆ. ಒಳಗೆ ನಿಂತಿದ್ದ ಎಣ್ಣೆ ಶೆಡ್ಡಿನ ತಗಡಿಗೆ ಚಿಮ್ಮಿದ ಕಲೆ ಇನ್ನೂ ಹಾಗೇ ಇದೆ. ನಾಝಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದವರು ಮರಿಲಿಂಗಮ್ಮ. ಡೀಸೆಲ್ಲನ್ನು ಮಡಿಚಿದ ಹಳೆಯ ಧೋತರದಲ್ಲಿ ಸೋಸಿದವರೂ ಅವರೇ.

ಡೀಸೆಲ್ ಪಂಪಿನೊಳಗೆ ಒಂದು ಸಣ್ಣ ಉಕ್ಕಿನ ಸಳಿ ಇದೆ. ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಎಂಬುದು ಅದರ ಕೈಯಲ್ಲಿ. ಬಹಳ ದಿನ ನಿಂತ ಇಂಜಿನ್ನಿನಲ್ಲಿ ಆ ಸಳಿ ಅಂಟಿಕೊಂಡುಬಿಡುತ್ತದೆ. ಅದು ಅಂಟಿದ್ದಾಗ ಚಾಲೂ ಮಾಡಿದರೆ ಇಂಜಿನ್ ಹುಚ್ಚೆದ್ದು ಓಡುತ್ತದೆ, ಬಟನ್ನಿಗೂ ಬಗ್ಗುವುದಿಲ್ಲ. ದಿನಾ ಬಂದ ಕೂಡಲೇ ದ್ಯಾವಪ್ಪ ಹೆಬ್ಬೆರಳಿನಿಂದ ಆ ಸಳಿಯನ್ನು ಅತ್ತಿತ್ತ ಸರಿಸಿ ನೋಡುತ್ತಾರೆ. ಬೇರೆ ಕೆಲಸವೆಲ್ಲ ಆಮೇಲೆ.

ಸಳಿಯ ಪಾಠ ಹೇಳಿಕೊಟ್ಟವರು ಸುರಪುರದ ನಸೀರುದ್ದೀನ ಮಿಸ್ತ್ರಿ. ಕಾಲುವೆ ತೋಡುವ ಕಾಲದಲ್ಲಿ ದ್ಯಾವಪ್ಪ ಕಲ್ಲು ಹೊರುವ ಕೂಲಿ. ನಸೀರುದ್ದೀನ ಅದೇ ಗುತ್ತಿಗೆದಾರರ ಇಂಜಿನ್ ಮಿಸ್ತ್ರಿ. ಬಿಡುವಾದಾಗಲೆಲ್ಲ ಇಂಜಿನ್ ಪಕ್ಕ ಬಂದು ನಿಲ್ಲುತ್ತಿದ್ದ ತರುಣನನ್ನು ಅವರೇ ಕೈಹಿಡಿದು ಎಳೆದುಕೊಂಡರು. ಮುಂದೆ ಇಬ್ಬರೂ ಶಹಾಪುರದ ಕಡೆಯ ಒಂದು ಹತ್ತಿ ಮಿಲ್ಲಿನಲ್ಲಿ ಇಂಥದೇ ಮಿಲಿಟರಿ ಜನರೇಟರು ಎಬ್ಬಿಸಲು ಹೋದರು. ಮುಹೂರ್ತ ಮೀರುತ್ತದೆಂದು ಮಾಲೀಕರದು ಒಂದೇ ಅವಸರ. ಸಳಿ ಅಂಟಿತ್ತು. ಇಂಜಿನ್ ಊಳಿಡತೊಡಗಿತು. ಅಂಥ ಹೊತ್ತಿನಲ್ಲಿ ಉಳಿಯುವುದು ಒಂದೇ ದಾರಿ, ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಮುಚ್ಚಿ ಅದರ ಉಸಿರು ಕಟ್ಟಿಸುವುದು. ನಸೀರುದ್ದೀನ ಕೈಗೆ ಸಿಕ್ಕ ಗೋಣಿಚೀಲ ಒತ್ತಿ ಹಿಡಿದರು. ಇಂಜಿನ್ ಚೀಲವನ್ನೇ ಒಳಗೆಳೆದುಕೊಂಡು ಸಿಡಿಯಿತು. ಹಾರಿಬಂದ ಕಬ್ಬಿಣ ಅವರ ಬಲಗೈಯನ್ನು ತೆಗೆದುಕೊಂಡು ಹೋಯಿತು.

"ದವಾಖಾನ್ಯಾಗ ಕಣ್ಣ ಬಿಟ್ಟಾವ್ರು ಮದಲ ಹೇಳಿದ ಮಾತ ಅದರಿ. ಚೀಲ ಅಲ್ಲೋ ದ್ಯಾವ್ಯಾ, ಕಟಗಿ ಹಲಗಿ ಬೇಕಿತ್ತು ಅಂದ್ರು." ದ್ಯಾವಪ್ಪ ಆ ಮಾತನ್ನು ಇವತ್ತಿಗೂ ಹಾಗೇ ಒಪ್ಪಿಸುತ್ತಾರೆ. ಉಸ್ತಾದರು ಆಮೇಲೆ ಬಹಳ ವರ್ಷ ಬದುಕಿದ್ದರು. ಪಾನಾ ಮಾತ್ರ ಮತ್ತೆ ಹಿಡಿಯಲಿಲ್ಲ. ಅಂದು ಅವರನ್ನು ನೋಡಿಕೊಂಡು ದವಾಖಾನೆಯಿಂದ ಮನೆಗೆ ಬಂದವರೇ ದ್ಯಾವಪ್ಪ ಅಡುಗೆಮನೆಯ ಮಣೆ ಎತ್ತಿಕೊಂಡು ಅದಕ್ಕೆ ರಬ್ಬರು ಹೊಡೆದರು. ಅಂದಿನಿಂದ ಯಾವ ಇಂಜಿನ್ನಿನ ಮೊದಲ ಚಾಲೂ ಇದ್ದರೂ ಬಟನ್ ಒತ್ತುವವರು ಮರಿಲಿಂಗಮ್ಮ. ದ್ಯಾವಪ್ಪ ಮಣೆ ಹಿಡಿದು ಗಾಳಿಬಾಯಿಯ ಮುಂದೆ ನಿಲ್ಲುತ್ತಾರೆ.

ಮರಿಲಿಂಗಮ್ಮನವರ ತಕರಾರು ಬೇರೆಯೇ. "ನನ್ನ ಮದಿವ್ಯಾಗ ತವರಮನಿಯವ್ರು ಕೊಟ್ಟ ಮಣಿರಿ ಅದು. ಇಂವ ಅದಕ್ಕ ರಬ್ಬರ ಹೊಡದ ದಿನದಿಂದ ನಾ ನೆಲಕ್ಕ ಕೂತ ಉಣ್ಣಾಕತ್ತೇನಿ. ವಾಪಸ್ ಕೊಡು ಅಂದ್ರ ಹಲ್ಲ ಕಿಸೀತಾನ. ಬ್ಯಾರೆ ಮಣಿ ತರ್ತೇನಿ ಅಂತಾನ, ಎಲ್ಲಿ ತಂದಾನ್ರಿ."

ಇವತ್ತಿನ ಬೆಳಗಿಗೆ ಬರೋಣ. ಶೆಡ್ಡಿನೊಳಗೆ ಕಾಲಿಟ್ಟ ದ್ಯಾವಪ್ಪ ನಿಂತಲ್ಲೇ ನಿಲ್ಲುತ್ತಾರೆ. ಜನರೇಟರಿನ ಮೂತಿಗೆ ಕುಂಕುಮ, ಮೇಲೆ ನಾಲ್ಕು ಹೂವು. ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಎರಡು ಹೋಳು. ಈ ಕಡೆ ಟ್ರ್ಯಾಕ್ಟರು ತರಲಿ, ಪಂಪ್‌ಸೆಟ್ಟು ತರಲಿ, ಕಾಯಿಯನ್ನು ನೆಲಕ್ಕೆ ಒಡೆಯುವುದಿಲ್ಲ, ಯಂತ್ರದ ಮೈಗೇ ಒಡೆಯುತ್ತಾರೆ. ಕಾಯಿಯ ನೀರು ಹಸಿರು ತಗಡಿನ ಮೇಲೆ ಹರಿದು, ಹಿಂಬದಿಯ ಜಾಲರಿಯೊಳಗೆ ಇಳಿದಿದೆ. ಕರೆಂಟು ಹುಟ್ಟುವ ತಾಮ್ರದ ಸುರುಳಿಗಳಿರುವುದು ಅದರೊಳಗೆ. ನಿನ್ನೆ ಹಗಲೆಲ್ಲ ಕೂತು ಒಣಗಿಸಿದ್ದ ಸುರುಳಿ ಅವು. ಹಸಿ ಇದ್ದಾಗ ಚಾಲೂ ಮಾಡಿದರೆ ಸುಟ್ಟು ಕರಕಲಾಗುತ್ತವೆ, ಆಮೇಲೆ ಈ ಜನರೇಟರು ಗುಜರಿಗೆ ಹಾಕಲಷ್ಟೇ ಬರುತ್ತದೆ.

ಮೂಲೆಯಲ್ಲಿ ರೇಣಮ್ಮ ಸೆರಗು ಹೊದ್ದು ನಿಂತಿದ್ದಾರೆ. "ನನ್ನ ಮಗಳ ಹೆಸರಿಲೆ ಒಡದೇನ್ರಿ ಅಣ್ಣಾ" ಎನ್ನುತ್ತಾರೆ. "ಮದಲ ಕಾಯಿ ಆಕಿದ ಇರಲಿ ಅಂತ."

ದ್ಯಾವಪ್ಪ ಒಂದು ಗಳಿಗೆ ಆ ಹೋಳುಗಳನ್ನೇ ನೋಡುತ್ತಾರೆ. "ಛಲೋ ಮಾಡೀರಿ ಅಕ್ಕಾ" ಎಂದಷ್ಟೇ ಹೇಳಿ, ಹೆಗಲ ಮೇಲಿನ ಟವೆಲ್ಲಿನಿಂದ ಜಾಲರಿಯ ಅಂಚು ಒರೆಸತೊಡಗುತ್ತಾರೆ.

ಬಿಸಿಲೇರುವ ಹೊತ್ತಿಗೆ ಊರೇ ಬಂದು ನೆರೆಯುತ್ತದೆ. ಮುಹೂರ್ತ ಹತ್ತಿರವಾಗಿದೆ. ಹೆಂಗಸರು ಖಾಲಿ ಕೊಡ ತಂದು ಹೊಂಡದ ದಂಡೆಗೆ ಸಾಲಾಗಿ ಇಟ್ಟಿದ್ದಾರೆ. ಊರ ಹಿರಿಯ ಈಶಪ್ಪ, ಜನರೇಟರು ತರಲು ನಾಲ್ಕೂರು ಓಡಾಡಿದವರು, ಬಿಳಿ ಅಂಗಿ ತೊಟ್ಟು ಬಂದಿದ್ದಾರೆ. ದ್ಯಾವಪ್ಪ ಅವರ ಎದುರು ಹೋಗಿ ನಿಲ್ಲುತ್ತಾರೆ.

"ಈಗ ಚಾಲೂ ಮಾಡಾಕ ಬರಂಗಿಲ್ರಿ ಯಜಮಾನ್ರ. ಸುರುಳಿ ಹಸಿ ಉಳದಾದ. ನಂದ ತಪ್ಪು. ಮಧ್ಯಾಹ್ನ ದಾಟ್ತದ."

"ಇಷ್ಟ ದಿನ ಏನ ಮಾಡಾಕತ್ತಿದ್ದೋ ಮತ್ತ? ನಾಳಿ ನೀರ ಬಂದ್ ಆಗೋದು ನಿನಗ ಗೊತ್ತಿಲ್ಲೇನು?" ಈಶಪ್ಪನವರ ದನಿ ಏರುತ್ತದೆ. ಗುಂಪಿನಲ್ಲಿ ಗುಸುಗುಸು ಶುರುವಾಗುತ್ತದೆ. ಬೇರೆ ಮಿಸ್ತ್ರಿಯನ್ನು ಕರೆಸಬೇಕಿತ್ತು ಎಂದು ಯಾರೋ ಅವರ ಕಿವಿಗೆ ಬೀಳುವಂತೆಯೇ ಅನ್ನುತ್ತಾರೆ. ಮರಿಲಿಂಗಮ್ಮನವರಿಗೆ ಮೈಯೆಲ್ಲ ಉರಿಯುತ್ತದೆ, ಬಾಯಿ ತೆರೆಯುತ್ತಾರೆ. ಗಂಡ ಕಣ್ಣಲ್ಲೇ ಬೇಡವೆನ್ನುತ್ತಾರೆ. ಮುಹೂರ್ತ ದಾಟಿ ಹೋಗುತ್ತದೆ.

ಬರಿ ನೀರಾಗಿದ್ದರೆ ಕಾವಿಗೆ ಆರಿಬಿಡುತ್ತಿತ್ತು. ಕಾಯಿಯ ನೀರು ಸಿಹಿ, ಆರಿದರೂ ಅಂಟುತ್ತದೆ. ಜಾಲರಿ ಬಿಚ್ಚಿ, ಮೆತ್ತನೆಯ ಅರಿವೆಯನ್ನು ಬಿಸಿನೀರಿನಲ್ಲಿ ಹಿಂಡಿ, ಗಂಡ ಹೆಂಡತಿ ಸುರುಳಿಗಳನ್ನು ಎಳೆಎಳೆಯಾಗಿ ಒರೆಸುತ್ತಾರೆ. ಆಮೇಲೆ ಸುತ್ತ ತಾಡಪತ್ರಿ ಇಳಿಬಿಟ್ಟು ಕೆಳಗೆ ಸಿಗಡಿ ಎಂಬ ಇದ್ದಿಲ ಒಲೆ ಇಡಬೇಕು. ಕೆಂಡ ಹೆಚ್ಚಾದರೆ ಸುರುಳಿಯ ಮೇಲಿನ ವಾರ್ನಿಷು ಕರಗುತ್ತದೆ, ಕಡಿಮೆಯಾದರೆ ಸಂಜೆಯಾಗುತ್ತದೆ. ದ್ಯಾವಪ್ಪ ಅಂಗೈಯನ್ನು ಒಳಗೆ ಚಾಚಿ ಕಾವು ನೋಡುತ್ತ ಕೂರುತ್ತಾರೆ.

ಮನೆಯಿಂದ ಸಿಗಡಿ ತಂದವರು ರೇಣಮ್ಮನೇ. ತಾಡಪತ್ರಿ ಎತ್ತಿ ಒಳಗಿಡುವಾಗ ಅವರ ಮೂಗಿಗೆ ಕಾಯಿಯ ವಾಸನೆ ಬರುತ್ತದೆ. ಮರಿಲಿಂಗಮ್ಮನವರ ಕೈಯಲ್ಲಿನ ಅರಿವೆ ನೋಡುತ್ತಾರೆ. "ಏನಾಗ್ಯಾದ ತಂಗಿ? ಖರೇ ಹೇಳು" ಎನ್ನುತ್ತಾರೆ.

ಮರಿಲಿಂಗಮ್ಮನವರಿಗೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ. "ಕಾಯಿ ನೀರ ಒಳಗ ಇಳದಾವ್ರಿ ಅಕ್ಕಾ. ನೀವೇನ ಗೊತ್ತಿದ್ದ ಮಾಡೀರೇನು."

ರೇಣಮ್ಮ ಅಲ್ಲಿಂದ ಎದ್ದವರು ನೇರ ಗುಂಪಿನ ನಡುವೆ ಹೋಗಿ ನಿಲ್ಲುತ್ತಾರೆ. ಮಗಳು ಹೋದ ಮೇಲೆ ಈಕೆ ನಾಲ್ಕು ಜನರೆದುರು ಮಾತಾಡಿದ್ದನ್ನು ಯಾರೂ ಕಂಡಿಲ್ಲ. "ಅವ್ರಿಗಿ ಬೈಬ್ಯಾಡ್ರಿ. ಕಾಯಿ ಒಡದಾಕಿ ನಾನು. ನನ್ನ ಹೆಸರ ಹೇಳಬಾರ್ದಂತ ಅವ್ರು ಬೈಗಳ ತಿನ್ನಾಕತ್ಯಾರ" ಎನ್ನುತ್ತಾರೆ. ಈಶಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಾರೆ; ವಾಪಸು ಬರುವಾಗ ತಾವೇ ಒಂದು ಬುಟ್ಟಿ ಇದ್ದಿಲು ಹೊತ್ತು ತರುತ್ತಾರೆ. ಬಿಳಿ ಅಂಗಿಗೆ ಮಸಿ ಹತ್ತಿದ್ದು ಅವರ ಲಕ್ಷ್ಯಕ್ಕಿಲ್ಲ. "ಇದನ್ನೂ ಬರ್ಕೋರಿ, ಮುಚ್ಚಿಡಬ್ಯಾಡ್ರಿ" ಎಂದು, ಈ ದಿನದ ಸಂಗತಿ ಬರೆಯಲು ಊರಿಗೆ ಬಂದ ನಮಗೆ ಆಮೇಲೆ ಹೇಳಿದವರು ರೇಣಮ್ಮನೇ.

ಮಧ್ಯಾಹ್ನ ದಾಟಿ ಬಿಸಿಲು ಓರೆಯಾಗುತ್ತದೆ. ಸುರುಳಿ ಆರಿದೆಯೋ ಇಲ್ಲವೋ ಎಂದು ತೋರಿಸುವ, ಹಿಡಿಕೆ ತಿರುವುವ ಸಣ್ಣ ಮೀಟರು ದ್ಯಾವಪ್ಪನವರ ಬಳಿ ಇದೆ. ತಿರುವುತ್ತಾರೆ, ಮುಳ್ಳು ಮೇಲೇಳುವುದಿಲ್ಲ. ಮತ್ತಷ್ಟು ಕೆಂಡ, ಮತ್ತಷ್ಟು ಕಾಯುವುದು. ಕೆಳಗೆ ಕಾಲುವೆಯ ನೀರು ಆಗಲೇ ಕಲ್ಲಿನ ಮೇಲೆ ಒಂದು ಒದ್ದೆ ಗೆರೆ ಉಳಿಸಿ ತುಸು ಇಳಿದಿದೆ ಎಂದು ಹೆಂಗಸರು ಬಂದು ಹೇಳುತ್ತಾರೆ. ದ್ಯಾವಪ್ಪ ಅತ್ತ ತಿರುಗಿ ನೋಡುವುದಿಲ್ಲ. ಕೊನೆಗೊಮ್ಮೆ ಮುಳ್ಳು ಮೇಲೆದ್ದು ನಿಲ್ಲುತ್ತದೆ. ಜಾಲರಿ ಕೂರಿಸಿ, ಸಿಗಡಿಯನ್ನು ದೂರ ಸಾಗಿಸಿ, ಡೀಸೆಲ್ ಪೈಪಿನಲ್ಲಿ ಸಿಕ್ಕ ಗಾಳಿ ಹೊರಗೆ ಬಿಟ್ಟು, ಸಳಿಯನ್ನು ಇನ್ನೊಮ್ಮೆ ಸರಿಸಿ ನೋಡಿ, ಎಲ್ಲರನ್ನೂ ಶೆಡ್ಡಿನಿಂದ ಹೊರಗೆ ಕಳಿಸುತ್ತಾರೆ. ಮಣೆ ಕೈಗೆ ಬರುತ್ತದೆ.

"ಒತ್ತು" ಎನ್ನುತ್ತಾರೆ ಹೆಂಡತಿಗೆ.

ಇಂಜಿನ್ ನರಳುತ್ತದೆ, ಸುಮ್ಮನಾಗುತ್ತದೆ. ಎರಡನೇ ಸಲ ಒತ್ತಿದಾಗ ಬಿಳಿ ಹೊಗೆ ಉಗುಳಿ, ಕೆಮ್ಮಿ, ಒಮ್ಮೆಲೆ ಹೊತ್ತಿಕೊಂಡು ಮೇಲಕ್ಕೇರುತ್ತದೆ. ಏರುತ್ತಲೇ ಇದೆ. ಮರಿಲಿಂಗಮ್ಮ ಗಂಡನ ಬೆನ್ನನ್ನೇ ನೋಡುತ್ತಾರೆ. ಮಣೆ ಗಾಳಿಬಾಯಿಯ ಹತ್ತಿರಕ್ಕೆ, ಒಂದು ಗೇಣಿನಷ್ಟು ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಆಗ ಒಳಗಿನ ಸಳಿ ಹಿಂದಕ್ಕೆ ಸರಿಯುತ್ತದೆ, ಇಂಜಿನ್ನಿನ ದನಿ ಇಳಿದು ಒಂದೇ ಸಮ ಆಗುತ್ತದೆ. ದ್ಯಾವಪ್ಪ ಬಹಳ ಹೊತ್ತು ಹಾಗೇ ನಿಂತು ಕೇಳುತ್ತಾರೆ. ನಂಬಿಕೆ ಬಂದ ಮೇಲೆ ಮೋಟಾರಿಗೆ ಕರೆಂಟು ಕೊಡುವ ಖಟಕಿ ಎತ್ತುತ್ತಾರೆ. ಹೊಂಡದ ದಂಡೆಯ ಪೈಪು ಮೊದಲು ಗಾಳಿ ಉಗುಳಿ, ಆಮೇಲೆ ಕೆಂಪು ನೀರು ಉಗುಳಿ, ಕೊನೆಗೆ ತಿಳಿನೀರು ಸುರಿಯತೊಡಗುತ್ತದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಕೊಡ ಮುಂದಿಡುತ್ತಾರೆ.

ದ್ಯಾವಪ್ಪ ಇವತ್ತು ರಾತ್ರಿ ಇಲ್ಲಿಯೇ ಇರುತ್ತಾರೆ, ನೀರು ಬಂದ್ ಆಗುವವರೆಗೆ ಇಂಜಿನ್ ಬಿಟ್ಟು ಕದಲುವುದಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮಣೆಯ ಅಡಿಯ ರಬ್ಬರನ್ನು ಬೆರಳಿಂದ ಸವರುತ್ತಾರೆ. "ಉಸ್ತಾದ್ರ ಮಾತಿಗಿ ಮಾಡಿದ್ದರಿ ಇದು. ಇವತ್ತಿನತನ ಒಂದ ಸಲನೂ ಇಂಜಿನ್ ಬಾಯಿಗಿ ಹಚ್ಚಿಲ್ಲ. ಹಚ್ಚದಂಗ ನನ್ನ ಕೆಲಸ ಮುಗದ್ರ ಸಾಕು. ಆಮ್ಯಾಲ ಈಕಿ ಮಣಿ ಈಕಿಗಿ ಕೊಡ್ತೇನಿ."

ರೇಣಮ್ಮ ಮಾತ್ರ ಪೈಪಿನ ಹತ್ತಿರ ಹೋಗಿಲ್ಲ. ಬೆಳಗಿನಿಂದ ನಿಂತವರು ಶೆಡ್ಡಿನ ಕಂಬ ಹಿಡಿದು ಇನ್ನೂ ನಿಂತೇ ಇದ್ದಾರೆ, ಬೀಳುವ ನೀರನ್ನೇ ನೋಡುತ್ತ. ದ್ಯಾವಪ್ಪ ಅದನ್ನು ಕಂಡು ಹೆಂಡತಿಯ ಮುಖ ನೋಡುತ್ತಾರೆ. ಮರಿಲಿಂಗಮ್ಮ ತಲೆಯಾಡಿಸುತ್ತಾರೆ. ದ್ಯಾವಪ್ಪ ರಬ್ಬರು ಕೆಳಗಾಗುವಂತೆ ಮಣೆಯನ್ನು ನೆಲಕ್ಕಿಟ್ಟು, ಟವೆಲ್ಲಿನಿಂದ ಒರೆಸುತ್ತಾರೆ.

"ಕೂಡ್ರಿ ಅಕ್ಕಾ" ಎನ್ನುತ್ತಾರೆ. "ಇವತ್ತ ಇದಕ್ಕ ಬ್ಯಾರೆ ಕೆಲಸ ಇಲ್ಲ."