ತುಕ್ಕು ಹಿಡಿದ ಟ್ಯಾಂಕು, ಕ್ಯಾಂಪಿನ ಹವಾಲ್ದಾರರು

ಗೆಳೆಯರೇ, ಈಗಷ್ಟೇ ಮನೆ ಮುಟ್ಟಿ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ಲಾಸ್ಟಿಕ್ಕಿನ ಪುಟ್ಟ ಟ್ಯಾಂಕುಗಳನ್ನು ಜೋಡಿಸಿ, ಬಣ್ಣ ಬಳಿದು, ಯುದ್ಧದಿಂದ ಬಂದಂತೆ ಹಳತು ಮಾಡುವ ನನ್ನ ಹುಚ್ಚು ನಿಮಗೆ ಗೊತ್ತು. ಇವತ್ತು ಬೆಳಿಗ್ಗೆ ಮಿಲಿಟರಿ ಕ್ಯಾಂಪಿನ ಒಂದು ಗೇಟಿನೆದುರು ನಿಲ್ಲಿಸಿರುವ ನಿಜವಾದ ಟ್ಯಾಂಕಿನ ಹಸಿರಿಗೆ ನನ್ನದನ್ನು ಹೋಲಿಸುತ್ತ, ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದೆ. ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು. ಬಂದೂಕು ಹಿಡಿದ ಸಿಪಾಯಿ ನನ್ನನ್ನು ಒಳಗೆ ಕರೆದೊಯ್ದು ಹವಾಲ್ದಾರರ ಮುಂದೆ ನಿಲ್ಲಿಸಿದ.

ಅವರು ಪುಸ್ತಕ ತಿರುವಿದರು. ಪುಟಪುಟದಲ್ಲೂ ಟ್ಯಾಂಕು. ಚೀಲದಿಂದ ಫಿಲ್ಮ್ ರೋಲಿನ ಡಬ್ಬಿ ತೆಗೆದರು. ಒಳಗೆ ಕೆಂಪು ಪುಡಿ.

“ಏನ್ರೀ ಇದು?”

“ಮಣ್ಣು ಸರ್. ಖಾನಾಪುರದ್ದು. ಚಕ್ರಕ್ಕ ಹಚ್ಚಾಕ.”

ಡಬ್ಬಿಯಲ್ಲಿ ಮಣ್ಣು ಹೊತ್ತು ತಿರುಗುವವನನ್ನು ಯಾರು ನಂಬುತ್ತಾರೆ? ಮನೆಗೆ ಯಾರು ಸುದ್ದಿ ಮುಟ್ಟಿಸುತ್ತಾರೆ?

ಹವಾಲ್ದಾರರು ಬೆರಳಲ್ಲಿ ತಿಕ್ಕಿ ಮೂಸಿದರು. “ಖರೇ ಐತಿ. ನಮ್ಮೂರ ಮಣ್ಣ ಇದು.”

ಹೋದ ಜೀವ ಬಂತು. ಆಮೇಲೆ ಅವರು ನನ್ನ ಟ್ಯಾಂಕನ್ನು ಎತ್ತಿ ಹಿಡಿದರು. ಮುಖ ಕೆಂಪಾಯಿತು.

“ಗಾಡಿ ಮ್ಯಾಲ ತುಕ್ಕು? ಚಕ್ರಕ್ಕ ರಾಡಿ? ಫೌಜಿನ ಗಾಡಿ ಹಿಂಗ ಇಡ್ತಾರೇನ್ರಿ?”

“ಸರ್, ಅದು ಬೇಕಂತನ ಮಾಡಿದ್ದು...”

“ಬೇಕಂತ!” ಮೇಜಿನ ಮೇಲೆ ಒದ್ದೆ ಬಟ್ಟೆ ಬಿತ್ತು. “ಕುಂದರ್ರಿ. ಒರಸ್ರಿ. ಸ್ವಚ್ಛ ಆದ ಮ್ಯಾಲ ಹೋಗ್ರಿ.”

ಸಿಪಾಯಿ ಪಕ್ಕದಲ್ಲೇ ನಿಂತಿದ್ದ. ಬಣ್ಣದ ಸೀಮೆಸುಣ್ಣ ಅರೆದು ಮೂರು ವಾರ ಹಚ್ಚಿದ್ದ ತುಕ್ಕನ್ನು ಒರೆಸಿದೆ.

ಈಗ ಟ್ಯಾಂಕು ಕಾರ್ಖಾನೆಯಿಂದ ಬಂದಂತಿದೆ. ಯುದ್ಧದಿಂದ ಬಂದಂತೆ ಕಾಣುತ್ತಿರುವವನು ನಾನು.