ಫೈಲಿಗೂ ಮನೆತನ ಕೇಳುತ್ತಿದ್ದ ಗಿರಿಜಕ್ಕ

ಗಿರಿಜಕ್ಕ ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಕೊಂಡವರ ಬಗ್ಗೆ ಬರೆಯಲು ಕೂತವರೆಲ್ಲ ‘ಮಗುವಿನಂಥ ಮನಸ್ಸು’ ಎಂದೇ ಶುರು ಮಾಡುತ್ತಾರೆ. ನಾನು ಹಾಗೆ ಬರೆದರೆ ಅವರು ಎದ್ದು ಬಂದು ಜಗಳ ತೆಗೆದಾರು. ನಮ್ಮ ಕ್ಯಾಂಟೀನಿನಲ್ಲಿ ಸಾಂಬಾರು ಬಡಿಸುವವನು ಒಮ್ಮೆ “ಬೇಗ ಬೇಗ ಮುಂದೆ ಹೋಗಿ ಮೇಡಂ” ಎಂದು ಗದರಿದ್ದ. ಅಷ್ಟಕ್ಕೇ, ಆ ಆಫೀಸಿನಲ್ಲಿದ್ದಷ್ಟು ಕಾಲ ಅವರು ಆ ಸಾಲಿನಲ್ಲಿ ನಿಲ್ಲಲಿಲ್ಲ. ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದು, ಅವನ ಕಣ್ಣಿಗೆ ಬೀಳುವ ಮೇಜನ್ನೇ ಹುಡುಕಿ ಕೂತು ತಿನ್ನುತ್ತಿದ್ದರು.

“ಬಿಟ್ಬಿಡಿ ಅಕ್ಕ, ಪಾಪ” ಎಂದರೆ, “ನಾ ಏನ್ ಮಾಡೇನಿ ಅವಗ? ರೊಟ್ಟಿ ತಿನ್ನಾಕತ್ತೀನಿ” ಎನ್ನುತ್ತಿದ್ದರು.

ಎರಡು ಸಾವಿರದ ಐದಾರರ ಸುಮಾರಿನ ಮಾತು. ನಾನು ಬೇಗೂರಿನವಳು, ಕೆಲಸಕ್ಕೆ ಹೊಸಬಳು. ಅವರು ರಾಣೆಬೆನ್ನೂರಿನವರು, ಹಣೆಯ ಮೇಲೆ ತೆಳ್ಳಗೆ ವಿಭೂತಿ, ದೊಡ್ಡನೆಕ್ಕುಂದಿಯ ಫ್ಲ್ಯಾಟಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಆಫೀಸಿನ ಕ್ಯಾಬಿನಲ್ಲಿ ಓಡಾಟ. ನಮ್ಮ ಕೆಲಸ ಗ್ರಿಡ್ಡಿನದು. ಅಂದರೆ ಪುಣೆ, ಹೈದರಾಬಾದು, ಬೆಂಗಳೂರು ಎಂದು ಬೇರೆ ಬೇರೆ ಊರುಗಳಲ್ಲಿರುವ ಕಂಪ್ಯೂಟರುಗಳನ್ನು ಜೋಡಿಸಿ ಒಂದೇ ಯಂತ್ರದಂತೆ ದುಡಿಸುವುದು. ಹವಾಮಾನದ ವಿಜ್ಞಾನಿಗಳು ಮಳೆ ಗಾಳಿಯ ಲೆಕ್ಕಗಳನ್ನು ಅದಕ್ಕೆ ತುಂಬುತ್ತಿದ್ದರು. ಲಕ್ಷಗಟ್ಟಲೆ ಫೈಲು. ಯಾವುದು ಎಲ್ಲಿದೆ, ಒಳಗೇನಿದೆ ಎಂಬುದು ದೇವರಿಗೇ ಗೊತ್ತು.

ಆ ಗೊಂದಲಕ್ಕೆ ಗಿರಿಜಕ್ಕ ಒಬ್ಬರೇ ಕೂತು ಒಂದು ವೆಬ್ ಪೇಜು ಕಟ್ಟಿದರು. ಫೈಲು ಹಾಕಬೇಕಾದರೆ ಮೊದಲು ಅದರಲ್ಲಿ ಕೆಲವು ಖಾನೆ ತುಂಬಬೇಕು: ಎಲ್ಲಿಂದ ಬಂತು, ಒಳಗೇನಿದೆ, ವಾರಸುದಾರ ಯಾರು. ತುಂಬದಿದ್ದರೆ ಪೇಜು ಫೈಲನ್ನು ಒಳಗೇ ಬಿಡುತ್ತಿರಲಿಲ್ಲ. “ಮಗಳನ್ನ ಕೊಡೋ ಮುಂದ ಮನೆತನ ಕೇಳ್ತೀರೋ ಇಲ್ಲೋ? ಫೈಲಿಗೂ ಕೇಳ್ರಿ” ಎನ್ನುವುದು ಅವರ ವಾದ. ನಮ್ಮ ಹುಡುಗರು ಬೇಸರಕ್ಕೆ ಕೀಬೋರ್ಡಿನ ಮೇಲೆ ಬೆರಳಾಡಿಸಿ ‘ಎಎಸ್‌ಡಿಎಫ್’ ಎಂದು ತುಂಬುತ್ತಿದ್ದರು. ಗಿರಿಜಕ್ಕ ಸೀದಾ ಅವರ ಸೀಟಿಗೇ ಹೋಗಿ, ಇಡೀ ಮಹಡಿಗೆ ಕೇಳುವಂತೆ, “ಏನಪಾ ತಮ್ಮಾ, ಈ ಎಎಸ್‌ಡಿಎಫ್ ಅಂದ್ರ ಯಾವ ಊರು? ಬಸ್ ಹೋಗತೈತೇನು ಅಲ್ಲಿಗೆ?” ಎಂದು ಕೇಳುತ್ತಿದ್ದರು. ಬೈದುಕೊಂಡೇ ಎಲ್ಲರೂ ದಾರಿಗೆ ಬಂದರು. ಆಮೇಲೆ ಆ ಪೇಜಿಲ್ಲದೆ ಯಾರಿಗೂ ಕೆಲಸವೇ ಸಾಗದಂತಾಯಿತು.

ಆಗ ಬಂದ ನೋಡಿ, ಮ್ಯಾನೇಜರ್ ಸುದರ್ಶನ. ಅವನ ಹೆಸರು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಬಂದವನೇ ಪೇಜಿನ ಅಡಿಯಲ್ಲಿದ್ದ ಗಿರಿಜಕ್ಕನ ಹೆಸರು ತೆಗೆಸಿ, “ನೀಟಾಗಿ ಕಾಣ್ಲಿ” ಎಂದ. ವಾರ್ಷಿಕೋತ್ಸವದ ದಿನ ದೊಡ್ಡ ಹಾಲಿನಲ್ಲಿ ಆ ಪೇಜಿಗೆ ಬಹುಮಾನ ಕೊಟ್ಟರು. ವೇದಿಕೆಗೆ ಹೋಗಿ ತೆಗೆದುಕೊಂಡವನು ಸುದರ್ಶನ. ಕಲ್ಪನೆ, ವಿನ್ಯಾಸ ಎಲ್ಲ ತನ್ನದೇ ಎಂದು ನಾಚಿಕೆಯಿಲ್ಲದೆ ಹೇಳಿಕೊಂಡ. ನಾನು ಅಳುವುದೊಂದು ಬಾಕಿ. ಗಿರಿಜಕ್ಕ ಮಾತ್ರ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದರು.

“ಇದೇನಕ್ಕ ನೀವು!” ಎಂದೆ.

“ಇದ ಹಾಲಿನಾಗ, ಇದ ಮಂದಿ ಮುಂದ, ಅವನ ಬಾಯಿಲೆ ನನ್ನ ಹೆಸರು ಹೇಳಸ್ತೀನಿ. ಹೇಳಸಲಿಲ್ಲ ಅಂದ್ರ ಕೇಳು” ಎಂದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಕೆಲವು ತಿಂಗಳು ಏನೂ ಆಗಲಿಲ್ಲ. ಕೊನೆಗೆ ಅವನೇ ಬಂದು ಬಲೆಗೆ ಬಿದ್ದ. ಹೆಡ್ ಆಫೀಸಿನ ದೊಡ್ಡವರು ಪೇಜು ನೋಡಲು ಬರುವವರಿದ್ದರು. ಅವರು ಬರುವ ದಿನ ಬೆಳಿಗ್ಗೆ ಸುದರ್ಶನ ಗಿರಿಜಕ್ಕನನ್ನು ಕರೆದು, “ಆ ವಾರಸುದಾರನ ಖಾನೇಲಿ ಯಾರ್ಯಾರ್ದೋ ಹೆಸ್ರಿದೆ ಕಣ್ರೀ. ಎಲ್ಲಾ ಫೈಲಿಗೂ ನನ್ ಹೆಸ್ರೇ ಹಾಕ್ಬಿಡಿ. ಪೇಜ್ ತೆಗೆದ್ರೆ ಅದೇ ಕಾಣ್ಬೇಕು” ಎಂದ.

“ಎಲ್ಲಾದಕ್ಕೂ? ಖರೇ ಅಂತೀರೇನ್ರೀ ಸಾರ್?”

“ಎಲ್ಲಾದಕ್ಕೂ ಅಂದೆನಲ್ಲ!”

ಪಾಪಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಆ ಪೇಜಿನ ಮೂಲಕ ಒಂದೇ ಒಂದು ಫೈಲನ್ನೂ ಅವನು ಸ್ವತಃ ಹಾಕಿದವನಲ್ಲ, ಗೊತ್ತಾಗುವುದಾದರೂ ಹೇಗೆ? ಆ ಖಾನೆ ಇದ್ದದ್ದು ಶೋಭೆಗಲ್ಲ. ಫೈಲಿಗೆ ಏನೇ ಆಗಲಿ, ಪುಣೆಯಲ್ಲಿ ಡಿಸ್ಕು ತುಂಬಲಿ, ಹೈದರಾಬಾದಿನಲ್ಲಿ ಅದರ ಪ್ರತಿ ಕೆಡಲಿ, ವಾರಸುದಾರನಿಗೆ ತಾನಾಗಿ ಮೇಲ್ ಹೋಗುತ್ತಿತ್ತು. ಅನುಮಾನ ಬಂದ ವಿಜ್ಞಾನಿಗಳು ಫೋನು ಮಾಡುತ್ತಿದ್ದದ್ದೂ ಆ ಖಾನೆಯಲ್ಲಿ ಹೆಸರಿದ್ದವನಿಗೇ. ಗಿರಿಜಕ್ಕ ಹಳೆಯ ಹೆಸರುಗಳನ್ನು ಬೇರೆ ಕಡೆ ಜೋಪಾನವಾಗಿ ತೆಗೆದಿಟ್ಟು, ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡಿ, ಕೈ ತೊಳೆದುಕೊಂಡು ರೊಟ್ಟಿ ತಿನ್ನಲು ಹೋದರು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಸುದರ್ಶನನ ಮೇಲ್‌ಬಾಕ್ಸು ತುಂಬಿ ನಿಂತುಹೋಯಿತು. ಅವನ ಮೊಬೈಲು ಬಾಯಿ ಮುಚ್ಚಲಿಲ್ಲ. ಪುಣೆಯ ಒಬ್ಬ ಹಿರಿಯ ವಿಜ್ಞಾನಿಯಂತೂ, ನಿಮ್ಮ ಗಾಳಿಯ ಫೈಲಿನಲ್ಲಿ ನಾಲ್ಕು ಗಂಟೆಯ ಲೆಕ್ಕ ಯಾಕಿಲ್ಲ ಎಂದು ಇವನಿಗೆ ಇಂಗ್ಲಿಷಿನಲ್ಲಿ ಉಗಿದದ್ದು ಗಾಜಿನ ಕೋಣೆಯಿಂದಾಚೆಗೂ ಕೇಳುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಓಡಿಬಂದ.

“ಗಿರಿಜಾ ಅವ್ರೇ, ಏನ್ರೀ ಇದು? ದೊಡ್ಡೋರು ಬಂದು ಕೂತಿದಾರೆ. ಮೊದ್ಲಿನ ಥರ ಮಾಡ್ಬಿಡಿ, ಪ್ಲೀಸ್!”

ಗಿರಿಜಕ್ಕ ಕುರ್ಚಿಯಿಂದ ಏಳಲಿಲ್ಲ. “ತಂದಿ ಅಂತ ನೀವ ಹೆಸರು ಬರಸ್ಕೊಂಡೀರಿ ಸಾರ್. ಈಗ ಕೂಸುಗಳು ಅಳಾಕತ್ತಾವು, ಹೋಗಿ ಎತ್ಕೋರಿ.”

ಹಾಗೆಂದು ಸುಮ್ಮನೆ ಬಿಡಲಿಲ್ಲ. ತಮ್ಮ ಷರತ್ತು ಹೇಳಿದರು. ಅಂದು ಸಂಜೆ ಅದೇ ದೊಡ್ಡ ಹಾಲಿನಲ್ಲಿ, ಹೆಡ್ ಆಫೀಸಿನವರ ಎದುರು, ಸುದರ್ಶನ ಮೈಕು ಹಿಡಿದು, “ಈ ಪೇಜನ್ನ ಮಾಡಿದ್ದು ಗಿರಿಜಾ” ಎಂದು ಗೊಣಗಿದ. ಹಿಂದಿನ ಸಾಲಿನಿಂದ ಗಿರಿಜಕ್ಕ ಕೈ ಎತ್ತಿದರು. “ಕೇಳಸಲಿಲ್ಲ ಸಾರ್, ಸ್ವಲ್ಪ ಜೋರ ಹೇಳ್ರಿ.” ಹೇಳಿದ, ಜೋರಾಗಿಯೇ ಹೇಳಿದ. ಆಗ ಅವರು ಎದ್ದುಹೋಗಿ ಹಳೆಯ ಹೆಸರುಗಳನ್ನೆಲ್ಲ ವಾಪಸು ಹಾಕಿದರು. ಅಂದು ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆದರೆ ಸುದರ್ಶನನೂ ಮರೆಯುವವನಲ್ಲ. ಮುಂದಿನ ಅಪ್ರೈಸಲ್ಲಿನಲ್ಲಿ ‘ವರ್ತನೆ ಸರಿಯಿಲ್ಲ’ ಎಂದು ಬರೆದು ಅವರನ್ನು ಕೆಳಕ್ಕೆ ತುಳಿದ. ಗಿರಿಜಕ್ಕ ರಾಜೀನಾಮೆ ಎಸೆದು ವೈಟ್‌ಫೀಲ್ಡಿನ ಬೇರೆ ಕಂಪನಿಗೆ ಹೋದರು. ಅವರು ಗೇಟು ದಾಟಿದ ವಾರವೇ ಆ ಪೇಜು ಮತ್ತೆ ಸುದರ್ಶನನದಾಯಿತು. ಅದರ ಹೆಸರಿನಲ್ಲೇ ಅವನು ಮೇಲೆ ಮೇಲೆ ಏರಿದ. ನಾನು ಹಲ್ಲು ಕಚ್ಚಿಕೊಂಡು ಅಲ್ಲೇ ಉಳಿದೆ. ಕೆಲವು ವರ್ಷಗಳ ನಂತರ ಗಿರಿಜಕ್ಕನಿಗೆ ಕಾಯಿಲೆಯಾಯಿತು; ಕೆಲಸ ಬಿಟ್ಟು ರಾಣೆಬೆನ್ನೂರಿಗೆ ಹೋದರು.

ಸುದರ್ಶನ ಕಂಪನಿ ಬಿಡುವ ದಿನ ಬಂತು. ಅದೇ ಹಾಲು, ದೊಡ್ಡ ಕೇಕು. ಗೋಡೆಯ ಮೇಲೆ ಅವನ ಸಾಧನೆಯ ಚಿತ್ರಗಳು, ಮೊದಲನೆಯದೇ ಗಿರಿಜಕ್ಕನ ಪೇಜು! ಹಳಬಳೆಂದು ನನ್ನನ್ನು ಮಾತಾಡಲು ಕರೆದರು. ನಾನು ಮೈಕು ಹಿಡಿದೆ. ಸುದರ್ಶನನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಆ ಪೇಜು ಕಟ್ಟಿದ ರಾಣೆಬೆನ್ನೂರಿನ ಗಿರಿಜಾ ಎಂಬುವರ ಬಗ್ಗೆ, ಆ ಹಾಲಿನಲ್ಲಿ ಒಂದು ಸಂಜೆ ಇದೇ ಮನುಷ್ಯ ಏನು ಹೇಳಿದ್ದ ಎನ್ನುವುದರ ಬಗ್ಗೆ, ಸಾವಕಾಶವಾಗಿ, ಹೊಸ ಹುಡುಗರಿಗೆಲ್ಲ ಅರ್ಥವಾಗುವಂತೆ ಹೇಳಿದೆ. ಅಷ್ಟು ಹೊತ್ತೂ ಅವನು ಕೇಕಿನ ಚಾಕು ಹಿಡಿದು ನಿಂತೇ ಇದ್ದ.

ಹೊರಗೆ ಬಂದವಳೇ ಗಿರಿಜಕ್ಕನಿಗೆ ಫೋನು ಮಾಡಿದೆ. ದನಿ ತೀರಾ ಸೋತಿತ್ತು. ಎಲ್ಲ ಹೇಳಿದೆ. ನಾನು ಯಾವ ಮಾತಾಡಿದೆ, ಜನ ಏನೆಂದರು, ಒಂದನ್ನೂ ಅವರು ವಿಚಾರಿಸಲಿಲ್ಲ.

“ಅದೆಲ್ಲಾ ಇರಲಿ. ಅವನ ಮಾರಿ ಹೆಂಗಾಗಿತ್ತು, ಅದನ್ನ ಹೇಳವಾ.”

ಹೇಳಿದೆ. ಬಿಳುಚಿಕೊಂಡದ್ದು, ಕಿವಿ ಕೆಂಪಾದದ್ದು, ನಗಲು ಹೋಗಿ ತುಟಿ ಸೊಟ್ಟಗಾದದ್ದು, ಒಂದೂ ಬಿಡದೆ ಹೇಳಿದೆ. ಅವರು ನಕ್ಕರು, ನಗುತ್ತ ಕೆಮ್ಮಿದರು, ಕೆಮ್ಮುತ್ತಲೇ ಮತ್ತೆ ನಕ್ಕರು. ಹಿಂದಿನಿಂದ ಅವರ ಯಜಮಾನರು “ಸಾಕು, ಫೋನ್ ಇಡು” ಎಂದು ರೇಗುತ್ತಿದ್ದರು. ಗಿರಿಜಕ್ಕ ಇಡಲಿಲ್ಲ.

ಅದೇ ಕೊನೆಯ ಮಾತು. ಆ ವಾರದಲ್ಲೇ ಹೋಗಿಬಿಟ್ಟರು. ಮಣ್ಣಿಗೆ ಹೋದಾಗ ಅವರ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, “ನೀ ಫೋನ್ ಮಾಡಿದ್ಯಲ್ಲಾ, ಅವತ್ತ ಭಾಳ ದಿನದ ಮ್ಯಾಲೆ ಹೊಟ್ಟಿ ತುಂಬ ಉಂಡ್ಲವಾ” ಎಂದರು.