ಬೇಡುವ ಇಂಗ್ಲಿಷ್

ಮಸ್ಕಿಯ ತಹಶೀಲ್ ಕಚೇರಿಯ ಎದುರು ನನ್ನ ಝೆರಾಕ್ಸ್ ಅಂಗಡಿ. ಪಕ್ಕದ ಮೇಜು ಟೈಪಿಸ್ಟ್ ಹನುಮಂತರಾಯರದು. ಮೂವತ್ತೆರಡು ವರ್ಷದಿಂದ ಇಂಗ್ಲಿಷ್ ಅರ್ಜಿ ಟೈಪ್ ಹೊಡೆಯುವ ಈ ಮನುಷ್ಯನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಲು ಅಲ್ಲಾಡುತ್ತಲೇ ಇರುತ್ತದೆ, ಬಾಯಿ ಅದಕ್ಕಿಂತ ಜೋರು. ಯಾರೇ ಬರಲಿ, ಒಂದು ಇಂಗ್ಲಿಷ್ ಮಾತಿನ ಹುಟ್ಟು ಹೇಳಲೇಬೇಕು. ಕಚೇರಿಯ ವಿಳಂಬಕ್ಕೆ 'ರೆಡ್ ಟೇಪ್' ಎನ್ನುವುದೇಕೆ? ಹಿಂದೆ ಕಡತಗಳನ್ನು ಕೆಂಪು ಪಟ್ಟಿಯಿಂದ ಕಟ್ಟುತ್ತಿದ್ದರಂತೆ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ.

ಮೊನ್ನೆ ಮೂರೂವರೆಗೆ ಯಶೋಧರಾ ಓಡಿಬಂದಳು. ನಮ್ಮೂರವಳೇ. ಸಿಂಧನೂರಿನ ಬ್ಯಾಂಕೊಂದರಲ್ಲಿ ಹನ್ನೊಂದು ವರ್ಷದಿಂದ ಅಟೆಂಡರ್. ಹತ್ತು ವರ್ಷ ತುಂಬಿದವರು ಗುಮಾಸ್ತರ ಪರೀಕ್ಷೆ ಬರೆಯಬಹುದೆಂದು ನಿಯಮವಿದ್ದರೂ ಅರ್ಹರ ಪಟ್ಟಿಯಲ್ಲಿ ಇವಳ ಹೆಸರಿಲ್ಲ. ತಕರಾರು ಇಂಗ್ಲಿಷಿನಲ್ಲಿ ಮುಂಬಯಿಯ ಪ್ರಧಾನ ಕಚೇರಿಗೆ ಹೋಗಬೇಕು. ಅಂಚೆಗೆ ಹಾಕಲು ಅವತ್ತೇ ಕೊನೆಯ ದಿನ, ಅಂಚೆ ಕಚೇರಿ ಐದಕ್ಕೆ ಬಂದ್.

ಹನುಮಂತರಾಯರು ಕೇಳುತ್ತಲೇ ಹೊಡೆದು ಹಾಳೆ ಕೊಟ್ಟರು. 'ಐ ಬೆಗ್ ಟು ಸ್ಟೇಟ್' ಎಂದು ಆರಂಭ.

"ಬೆಗ್ ಅಂದ್ರ ಬೇಡೂದಲ್ರೀ?" ಎಂದಳು ಯಶೋಧರಾ.

"ಹಂಗ ಬರೀತಾರವ್ವಾ. ದೊರೆಗಳ ಮುಂದ ಕೈಮುಗುದು ನಿಂದ್ರೂ ಕಾಲದ ಮಾತು. ನಿಜಾಮನ ಕಾಲದಾಗ ಅರ್ಜ್ ಅಂತಿದ್ರು, ಇದು ಅದರ ತಮ್ಮ."

"ನಾ ಬೇಡಾಕ ಬಂದಿಲ್ರೀ. ನಮ್ಮಪ್ಪ ಜೀವಮಾನ ಪೂರಾ ಬೇಡ್ಯಾನ, ಸಾಕು. ತೆಗೀರಿ ಅದನ್ನ."

ಹನುಮಂತರಾಯರ ಮುಖ ಗಂಟಾಯಿತು. ಆದರೂ ಹೊಡೆದರು. ಎರಡನೇ ಹಾಳೆಯಲ್ಲೂ ಅದೇ ಬೆಗ್! ಮಾತಾಡುತ್ತ ಹೊಡೆದಿದ್ದರು, ಬೆರಳು ತನ್ನ ಪಾಡಿಗೆ ತಾನು ಓಡಿತ್ತು. ಮೂರನೇ ಹಾಳೆಯಲ್ಲಿ ಆರಂಭ ಸರಿಹೋಯಿತು, ಆದರೆ ಕೊನೆಯಲ್ಲಿ 'ನಿಮ್ಮ ಪರಮ ವಿಧೇಯ ಸೇವಕಿ' ಬಂದು ಕೂತಿದ್ದಳು. ಗಂಟೆ ನಾಲ್ಕೂ ಇಪ್ಪತ್ತು. ಯಶೋಧರಾಳ ಕಣ್ಣು ಗಡಿಯಾರ ಬಿಟ್ಟು ಕದಲುತ್ತಿಲ್ಲ. ನನಗೋ ಈ ಮುದುಕನನ್ನು ಎಬ್ಬಿಸಿ ನಾನೇ ಕೂರಬೇಕೆನ್ನುವಷ್ಟು ಸಿಟ್ಟು.

"ಕೈಗೆ ಹತ್ತಿಬಿಟ್ಟೈತವ್ವಾ," ಎಂದರು. ದನಿ ಇಳಿದಿತ್ತು. "ನೀನ ಹೇಳು, ಏನಂತ ಹೊಡೀಲಿ?"

"ಪರೀಕ್ಷೆ ಬರಿಯೂದು ನನ್ನ ಹಕ್ಕು ಅಂತ ಹೊಡೀರಿ."

ಕೀಲಿಗಳನ್ನು ನೋಡದೆಯೇ ಹೊಡೆಯುವ ಮನುಷ್ಯ ಅವುಗಳ ಮೇಲೆ ಬಾಗಿದರು. ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಯಶೋಧರಾ ಸಹಿ ಹಾಕಿ ಅಂಚೆ ಕಚೇರಿಗೆ ಓಡಿದಳು.

ಅವಳು ಹೋದ ಮೇಲೆ ಹನುಮಂತರಾಯರು ಅವಳು ಬೇಡವೆಂದ ಮೂರೂ ಹಾಳೆಗಳನ್ನು ಒಂದೊಂದಾಗಿ ಓದಿದರು. ನಾನೇ ಚಹಾ ತರಿಸಿ ಮುಂದಿಟ್ಟೆ.

"ಗೌಸ್," ಎಂದು ಕೊನೆಗೆ ನನ್ನ ಕಡೆ ತಿರುಗಿದರು, "ಎಷ್ಟು ಮಂದಿ ತಮ್ಮ ಹಕ್ಕನ್ನ ತಾವ ಬೇಡೂ ಹಂಗ ಮಾಡೀನಲೇ ನಾ."